ಕೈಯ ಕಲಿಕೆಯೂ ಕೂಲಿಯ ಕೆಲಸವೂ

ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ತಂದೆಯು ಇದ್ದಾನೆಂದು ಭಾವಿಸಿರಿ. ಅವನಿಗೆ ಎರಡು ಎಕರೆ ಕಪ್ಪುನೆಲವುಂಟು. ಅದರ ಬೆಳೆಯು ಸಂಸಾರಕ್ಕೆ ಸಾಲದೆ ಇರುವದರಿಂದ ಅವನೂ ಅವನ ಹೆಂಡತಿಯೂ ಹೆರರ ಹೊಲಗಳಿಗೆ ಕೂಲಿಗೆ ಹೋಗುತ್ತಾರೆ. ಅವನ ತಂದೆಯೂ ಅಜ್ಜನೂ ಮಣ್ಣಿನಲ್ಲಿ ದುಡಿದು ಮಣ್ಣಿಗೆ ಸೇರಿದವರು. ತನ್ನ ಮಗಳಾದರೂ ಅಕ್ಷರ ಕಲಿತು ನೆರಳಿನಲ್ಲಿ ಕೂತು ಉಣ್ಣಲಿ ಎಂಬ ಒಂದೇ ಆಶೆಯಿಂದ ಅವಳನ್ನು ಶಾಲೆಗೆ ಕಳುಹಿಸುತ್ತಾನೆ. ಒಂದು ದಿವಸ ಮಧ್ಯಾಹ್ನ ಅವನು ಶಾಲೆಯ ಮುಂದೆ ಹಾದುಹೋಗುವಾಗ, ಮಗಳು ಅಂಗಳದಲ್ಲಿ ಕೂತು ಖುರ್ಪಿ ಹಿಡಿದು ಮಣ್ಣು ಸಡಿಲಿಸುತ್ತಿರುವದನ್ನು ಕಾಣುತ್ತಾನೆ. ಅವನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ. “ಮಾಸ್ತರರೇ, ಮಣ್ಣು ಕೆದರುವದನ್ನು ಕಲಿಯುವದಕ್ಕೆ ಶಾಲೆ ಯಾಕೆ ಬೇಕು? ಅದನ್ನು ನಾನೇ ಕಲಿಸುತ್ತಿದ್ದೆನಲ್ಲಾ! ಓದು ಕಲಿಸಿರಿ ಎಂದು ನಿಮ್ಮ ಬಳಿಗೆ ಬಿಟ್ಟರೆ ನೀವೂ ಖುರ್ಪಿಯನ್ನೇ ಕೊಟ್ಟಿರಾ?” ಎಂದು ಕೇಳುತ್ತಾನೆ. ಮಾಸ್ತರರು, “ಅಣ್ಣಾ, ಇದೂ ಓದೇ, ಬೀಜದ ಪಾಠವನ್ನು ಬೀಜದಿಂದಲೇ ಕಲಿಸುತ್ತಿದ್ದೇನೆ” ಎಂದು ಉತ್ತರ ಕೊಡುತ್ತಾರೆ.

ಇವರಿಬ್ಬರಲ್ಲಿ ಯಾರ ಮಾತು ಸರಿ? ಇದನ್ನು ಬಾಯಿಮಾತಿನ ಜಗಳವೆಂದು ಎಣಿಸಬಾರದು. ಕೈಯಿಂದ ಮಾಡಿ, ಕಣ್ಣಿಂದ ಕಂಡು, ಅನುಭವದಿಂದ ಕಲಿಯುವ ವಿದ್ಯೆಯು ಉತ್ತಮವೆಂದು ಈ ಕಾಲದ ಪಂಡಿತರೆಲ್ಲರೂ ಹೇಳುತ್ತಾರೆ. ಆದರೆ ತಲೆತಲಾಂತರಗಳಿಂದ ಕೈಕೆಲಸಕ್ಕೇ ಕಟ್ಟಿಹಾಕಲ್ಪಟ್ಟ ಜನರ ಕಿವಿಗೆ ಆ ಮಾತು ಬೇರೊಂದು ರೀತಿಯಲ್ಲಿ ಕೇಳಿಸುತ್ತದೆ. ನಮ್ಮ ಹಳ್ಳಿಗಳ ಸಭೆಗಳಲ್ಲಿ ಅನೇಕ ಕುಟುಂಬಗಳಿಗೆ ಶಾಲೆಯ ಬಾಗಿಲೇ ಬಿಡುಗಡೆಯ ಬಾಗಿಲಾಗಿತ್ತು. ಆ ಬಾಗಿಲೊಳಗೂ ಗುದ್ದಲಿ ಕಂಡರೆ ಅವರು ಹೆದರುವದು ಆಶ್ಚರ್ಯವಲ್ಲ. ಆದದರಿಂದ ಕೈಯ ಕಲಿಕೆಯು ಯಾವಾಗ ವಿದ್ಯೆಯಾಗುತ್ತದೆ, ಯಾವಾಗ ಬರೀ ದುಡಿಮೆಯಾಗುತ್ತದೆ ಎಂಬದನ್ನು ನಾವು ನಿದಾನವಾಗಿ ವಿಚಾರಿಸತಕ್ಕದ್ದು.

ಮೊದಲು ಮಾಸ್ತರರ ಪಕ್ಷವನ್ನು ಕೇಳೋಣ. ವಸ್ತುವನ್ನು ಮುಟ್ಟದೆ ಮಾತನ್ನು ಮಾತ್ರ ಕಲಿತ ಕೂಸು, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಾಗಿಲ ಹೊರಗೆ ನಿಂತವನ ಹಾಗೆ ಇರುತ್ತದೆ. ಇದರ ದುಃಖವು ನಮ್ಮ ಸೀಮೆಯವರಿಗೆ ಹೊಸದಲ್ಲ. 1948ರ ಸೆಪ್ಟೆಂಬರದ ವರೆಗೆ ಬೀದರ, ಭಾಲ್ಕಿ, ಔರಾದಗಳು ನಿಜಾಮರ ಆಳಿಕೆಯಲ್ಲಿದ್ದವು; ಆಳಿಕೆಯ ಭಾಷೆಯಾದ ಉರ್ದುವೇ ಶಾಲೆಗಳಲ್ಲಿಯೂ ಮುಂದಾಗಿತ್ತು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಹುಡುಗರು ಅರ್ಥವಾಗದ ಸಾಲುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಆ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರು (1890–1999) ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಜಿಲ್ಲೆಯ ಜನರು ಇಂದಿಗೂ ನೆನಸುತ್ತಾರೆ. ಮಾತು ಮಗುವಿನ ಬದುಕನ್ನು ಮುಟ್ಟದೆ ಹೋದರೆ ಅದು ವಿದ್ಯೆಯಲ್ಲವೆಂದು ಅವರು ತಿಳಿದಿದ್ದರು. ಈಗ ಪುಸ್ತಕಗಳು ನಮ್ಮ ನುಡಿಯಲ್ಲಿಯೇ ಉಂಟು. ಆದರೂ ಮುಟ್ಟದ, ಕಾಣದ, ತೂಗದ, ಅಳೆಯದ ವಸ್ತುವಿನ ಹೆಸರು ನಮ್ಮ ಸ್ವಂತ ಅಕ್ಷರಗಳಲ್ಲಿದ್ದರೂ ಮಗುವಿಗೆ ಅದು ಪರಭಾಷೆಯೇ.

ದೃಷ್ಟಾಂತಕ್ಕಾಗಿ ಶೇಕಡಾ ಲೆಕ್ಕವನ್ನು ತೆಗೆದುಕೊಳ್ಳಿರಿ. ಹಲಗೆಯ ಮೇಲೆ ಅದು ಅನೇಕ ಹುಡುಗರ ಕಣ್ಣೀರಿಗೆ ಕಾರಣವಾಗಿದೆ. ಆದರೆ ಮುಂಗಾರಿಗೆ ಮೊದಲು ಮಾಸ್ತರರು ಮಕ್ಕಳಿಗೆ, “ಮನೆಯಿಂದ ನೂರು ಸೋಯಾ ಬೀಜಗಳನ್ನು ತನ್ನಿರಿ” ಎಂದು ಹೇಳಿದರೆ ಏನಾಗುತ್ತದೆ? ಒದ್ದೆ ಮಾಡಿದ ಗೋಣಿತಟ್ಟಿನ ಮೇಲೆ ಹತ್ತು ಸಾಲುಗಳಲ್ಲಿ ಹತ್ತು ಹತ್ತು ಬೀಜಗಳನ್ನಿಟ್ಟು, ತಟ್ಟನ್ನು ಸುರುಳಿ ಸುತ್ತಿ, ನಾಲ್ಕೈದು ದಿವಸ ತಂಪಾಗಿಟ್ಟು ಬಿಚ್ಚಿದರೆ, ಮೊಳೆತವೆಷ್ಟು, ಕೊಳೆತವೆಷ್ಟು ಎಂದು ಬೆರಳಿನಿಂದ ಎಣಿಸಬಹುದು. ಬಿತ್ತನೆಗೆ ಯೋಗ್ಯವಾದ ಸೋಯಾ ಬೀಜವು ನೂರಕ್ಕೆ 70ಕ್ಕೆ ಕಡಿಮೆಯಾಗದೆ ಮೊಳೆಯಬೇಕೆಂಬದು ನಿಯಮ. ಎಣಿಸಿದಾಗ 60 ಮಾತ್ರ ಮೊಳೆತಿದ್ದರೆ, ಎಕರೆಗೆ 30 ಕಿಲೋ ಹಾಕುವ ಕಡೆಯಲ್ಲಿ 35 ಕಿಲೋ ಹಾಕಬೇಕೆಂದು ಲೆಕ್ಕವೇ ಹೇಳಿಕೊಡುತ್ತದೆ. 30 ಮಾತ್ರ ಮೊಳೆತಿದ್ದರೆ ಆ ಬೀಜವನ್ನು ನೆಲಕ್ಕೆ ಹಾಕದೆ ಇರುವದೇ ಲೇಸು. ಇಲ್ಲಿ ಶೇಕಡಾ ಎಂಬದು ತಂದೆಯ ಸಾಲವನ್ನು ತಪ್ಪಿಸುವ ಅಥವಾ ತಗಲಿಸುವ ಸಂಗತಿಯಾಯಿತು. ಬಿತ್ತಿದ ಮೇಲೆ ಹೊಲ ಬರಿದಾಗಿ ನಿಂತದ್ದನ್ನು ಕಂಡ ಮನೆಯ ಹುಡುಗಿಗೆ ಈ ಪಾಠವನ್ನು ಎರಡನೆಯ ಸಾರಿ ಹೇಳಬೇಕಾಗುವದಿಲ್ಲ. ಸೋಯಾ ಬೀಜದ ಸಿಪ್ಪೆಯು ತೆಳುವಾದದರಿಂದ ಚೀಲವನ್ನು ಎತ್ತಿ ಒಗೆದರೂ ಒಳಗಿನ ಮೊಳಕೆಗೆ ಪೆಟ್ಟಾಗುತ್ತದೆಂಬದನ್ನೂ ಅವಳು ಅದೇ ತಟ್ಟಿನ ಮುಂದೆ ತಿಳಿಯುವಳು.

ಇನ್ನೊಂದು ದೃಷ್ಟಾಂತ. 33 ಅಡಿ ಉದ್ದದ ಒಂದು ಹಗ್ಗವನ್ನು ತೆಗೆದುಕೊಂಡು ಮಕ್ಕಳು ಬಯಲಿನಲ್ಲಿ ಒಂದು ಚೌಕವನ್ನು ಅಳೆಯಲಿ. ಅದೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆಗಳು ಕೂಡಿದರೆ ಒಂದು ಎಕರೆ. ಪುಸ್ತಕದಲ್ಲಿ ಇದು ಒಂದು ಸಾಲು. ಬಯಲಿನಲ್ಲಿ ಕಾಲಿಗೆ ತಿಳಿಯುವ ಅಳತೆ. ಓದು ಬಾರದ ತಂದೆಯು ಬೇರೆಯವರ ಮಾತನ್ನು ನಂಬಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಕಥೆಗಳನ್ನು ಕೇಳಿದವರಿಗೆ, ಗುಂಟೆಯನ್ನು ಕಾಲಿನಿಂದ ತಿಳಿದ ಮಗಳು ಮನೆಯಲ್ಲಿರುವದು ಎಂಥ ಕಾವಲೆಂದು ಹೇಳಬೇಕಾಗಿಲ್ಲ.

ಮಣ್ಣಿನ ಪಾಠವೂ ಹಾಗೆಯೇ. ಬೀದರ ಪಟ್ಟಣವು ತೂತುತೂತಾದ ಕೆಂಪು ಕಲ್ಲಿನ ಎತ್ತರದ ಮೇಲೆ ನಿಂತಿದೆ. ಭಾಲ್ಕಿ ಔರಾದಗಳ ಕಡೆಗೆ ಇಳಿದರೆ ಕಪ್ಪುನೆಲವು ಹರಡಿದೆ. ಅಡಿಯಲ್ಲಿ ತೂತಿರುವ ಎರಡು ಕುಡಿಕೆಗಳಲ್ಲಿ ಈ ಎರಡು ಮಣ್ಣುಗಳನ್ನು ತುಂಬಿ ನೀರು ಹಾಕಿರಿ. ಕೆಂಪು ಮಣ್ಣು ನೀರನ್ನು ಬೇಗನೆ ಬಿಡುವದು, ಕಪ್ಪು ಮಣ್ಣು ಹಿಡಿದಿಡುವದು. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳವು ಕಪ್ಪುನೆಲದಲ್ಲಿ ಹೇಗೆ ಬದುಕುತ್ತದೆ, ಬೇಸಿಗೆಯಲ್ಲಿ ಅದೇ ನೆಲವು ಯಾಕೆ ಬಾಯಿಬಿಡುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಅಲ್ಲಿಯೇ ಉತ್ತರವುಂಟು. ಬೀದರದ ಹತ್ತಿರದ ನೌಬಾದಿನಲ್ಲಿ ಬಹಮನಿ ಅರಸರ ಕಾಲದವರು ಇದೇ ಕೆಂಪು ಕಲ್ಲನ್ನು ನೆಲದ ಒಳಗೆ ಕೊರೆದು, ಇಳಿಜಾರಿನಿಂದ ನೀರು ತಾನಾಗಿ ಹರಿದು ಬರುವಂತೆ ಸುರಂಗ ಕಾಲುವೆಯನ್ನು ಮಾಡಿದರು. ಕುಡಿಕೆಯ ಪಾಠವನ್ನು ಕಲಿತ ಮಕ್ಕಳನ್ನು ಆ ಸುರಂಗದ ಬಾವಿಗಳ ಬಳಿಗೆ ಕರಕೊಂಡುಹೋದರೆ, ಅವರು ಅದನ್ನು ಬೆರಗಿನಿಂದ ಮಾತ್ರವಲ್ಲ, ತಿಳುವಳಿಕೆಯಿಂದಲೂ ನೋಡುವರು.

ಕೈಯ ವಿದ್ಯೆಯ ಹೆಚ್ಚಳವನ್ನು ಕಾಣಬೇಕೆನ್ನುವವರು ಬೀದರದಲ್ಲಿ ಬಿದ್ರಿ ಕೆಲಸಗಾರನ ಬಳಿಯಲ್ಲಿ ಒಂದು ಗಳಿಗೆ ಕೂತುಕೊಳ್ಳಲಿ. ಸತುವೇ ಹೆಚ್ಚಾಗಿ, ತಾಮ್ರವು ಕೊಂಚವಾಗಿ ಬೆರೆತ ಲೋಹದ ಪಾತ್ರೆಯನ್ನು ಎರಕ ಹೊಯ್ದು, ಅರದಿಂದ ನುಣುಪು ಮಾಡಿ, ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ಕೊರೆತಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ಕಡೆಯಲ್ಲಿ ಬೀದರ ಕೋಟೆಯ ಹಳೇ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಕಾಯಿಸಿದ ಪಾತ್ರೆಗೆ ಹಚ್ಚಲಾಗಿ, ಲೋಹವೆಲ್ಲ ಇದ್ದಲಿನಂತೆ ಕಪ್ಪಾಗಿ ಬೆಳ್ಳಿಯು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಯಾವ ಮಣ್ಣು ತಕ್ಕದ್ದು ಎಂಬದನ್ನು ಕೆಲಸಗಾರನು ನಾಲಿಗೆಯ ಮೇಲಿಟ್ಟು ರುಚಿಯಿಂದ ಹೇಳುತ್ತಾನೆ. ಆ ರುಚಿಯನ್ನು ಯಾವ ಪುಸ್ತಕವೂ ಕಲಿಸಲಾರದು; ತಂದೆಯ ಮಗ್ಗುಲಲ್ಲಿ ಕೂತ ಮಗನು ಕಲಿಯುತ್ತಾನೆ. ಹಾಗೆಯೇ ತಂದೆಯಿಂದ ಈ ಕಸಬನ್ನು ಕಲಿತ ಶಾ ರಶೀದ್ ಅಹಮದ್ ಕಾದ್ರಿ ಎಂಬವರಿಗೆ 2023ರಲ್ಲಿ ಪದ್ಮಶ್ರೀ ಎಂಬ ಗೌರವವು ದೊರೆಯಿತು.

ಇಷ್ಟು ಮಾಸ್ತರರ ಪಕ್ಷ. ಈಗ ತಂದೆಯ ಪಕ್ಷವನ್ನು ಕೇಳೋಣ. ಯಾಕಂದರೆ ಅದು ಬಹಳ ಸಾರಿ ಕೇಳಲ್ಪಡದೆ ಹೋಗಿದೆ.

ಅಮೇರಿಕಾ ದೇಶದಲ್ಲಿ ದಾಸರಾಗಿದ್ದ ಕರಿಯ ಜನರು ಬಿಡುಗಡೆ ಹೊಂದಿದ ಮೇಲೆ, ದಾಸತ್ವದಲ್ಲಿಯೇ ಹುಟ್ಟಿದ ಬೂಕರ್ ವಾಷಿಂಗ್ಟನ್ ಎಂಬವನು 1881ರಲ್ಲಿ ಅಲಬಾಮಾ ಸೀಮೆಯ ಟಸ್ಕೀಗಿಯಲ್ಲಿ ಒಂದು ಶಾಲೆಯನ್ನು ನಡಿಸತೊಡಗಿದನು. ಅಲ್ಲಿ ವಿದ್ಯಾರ್ಥಿಗಳು ಓದಿನೊಂದಿಗೆ ಹೊಲದ ಕೆಲಸವನ್ನೂ ಮರಗೆಲಸವನ್ನೂ ಮಾಡಬೇಕಾಗಿತ್ತು. ಶಾಲೆಯ ಕಟ್ಟಡಗಳಿಗೆ ಬೇಕಾದ ಇಟ್ಟಿಗೆಗಳನ್ನು ತಾವೇ ಸುಡಬೇಕಾಗಿತ್ತು. ಮೂರು ಆವಿಗೆಗಳು ಕೆಟ್ಟುಹೋದವು, ನಾಲ್ಕನೆಯದು ಕೈಗೂಡಿತು. ಆದರೆ ಅನೇಕ ತಂದೆತಾಯಿಗಳು ಬಂದು, “ನಮ್ಮ ಮಕ್ಕಳಿಗೆ ಪುಸ್ತಕ ಬೇಕು, ದುಡಿಮೆ ಬೇಡ” ಎಂಬ ಅರ್ಥದಲ್ಲಿ ವಾದಿಸಿದರು. 1903ರಲ್ಲಿ ಡುಬೊಯಿಸ್ ಎಂಬ ಕರಿಯ ವಿದ್ವಾಂಸನು, ಇಂಥ ಶಿಕ್ಷಣವನ್ನೇ ಮುಂದುಮಾಡಿದರೆ ತನ್ನ ಜನರು ಎಂದಿಗೂ ಕೆಳಗಿನ ಮೆಟ್ಟಲಿನಲ್ಲಿಯೇ ಉಳಿಯುವರೆಂದು ಬರೆದನು. ಔರಾದಿನ ನಮ್ಮ ತಂದೆಯೂ ಆ ದೂರದೇಶದ ತಂದೆತಾಯಿಗಳೂ ಒಂದೇ ಮಾತನ್ನು ಆಡುತ್ತಾರೆ.

ನಮ್ಮ ದೇಶದಲ್ಲಿಯೂ ಈ ವಾದವು ನಡೆಯಿತು. 1937ರ ಅಕ್ಟೋಬರದಲ್ಲಿ ವಾರ್ಧಾದಲ್ಲಿ ಕೂಡಿದ ಸಭೆಯಲ್ಲಿ ಗಾಂಧಿಯವರು, ನೂಲುವದೇ ಮೊದಲಾದ ಒಂದು ಕಸಬನ್ನು ಮಧ್ಯದಲ್ಲಿಟ್ಟು ಅದರ ಸುತ್ತಲೂ ಎಲ್ಲಾ ಪಾಠಗಳನ್ನು ಕಲಿಸಬೇಕೆಂದೂ, ಮಕ್ಕಳು ಮಾಡಿದ ಸರಕಿನಿಂದ ಶಾಲೆಯ ವೆಚ್ಚವನ್ನು ನಡಿಸಬಹುದೆಂದೂ ಸೂಚಿಸಿದರು. ಮಕ್ಕಳು ಕಾರಖಾನೆಯ ಆಳುಗಳಾಗಿಬಿಡುವರೆಂದು ಹಲವರು ಹೆದರಿದರು. ಆ ಯೋಜನೆಯನ್ನು ಬರೆದ ಸಮಿತಿಗೆ ಅಧ್ಯಕ್ಷರಾಗಿದ್ದವರು, 1897ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಜಾಕಿರ್ ಹುಸೇನರು. ಸರಕಿನ ಲಾಭದ ಕಡೆಗೆ ಕಣ್ಣಿಟ್ಟು ಕಲಿಕೆಯನ್ನು ಮರೆಯುವ ಅಪಾಯವುಂಟೆಂದು ಆ ಸಮಿತಿಯೇ ಎಚ್ಚರಿಕೆ ಕೊಟ್ಟಿತು.

ಈ ಭಯವು ಹಳೇ ಕಾಲದ್ದೆಂದು ಯಾರೂ ಹೇಳದಿರಲಿ. 2023ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯ ಒಂದು ಸರಕಾರಿ ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸಂಗತಿಯು ಬೆಳಕಿಗೆ ಬಂದು ರಾಜ್ಯವೆಲ್ಲಾ ನಾಚಿಕೊಂಡಿತು. ಅಂಥ ಕೆಲಸವನ್ನು ಮನುಷ್ಯರಿಂದ ಮಾಡಿಸಬಾರದೆಂದು 2013ರ ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸಿರುವಾಗ, ಓದಲು ಬಂದ ಮಕ್ಕಳ ಕೈಗೆ ಅದನ್ನು ಹಚ್ಚಿದರು! ಇದನ್ನು ಕೇಳಿದ ತಂದೆಯು ಮಗಳ ಕೈಯಲ್ಲಿ ಖುರ್ಪಿಯನ್ನು ಕಂಡು ಸಿಟ್ಟಾದರೆ, ಅವನನ್ನು ಅಜ್ಞಾನಿಯೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಗೋದಿಯನ್ನೂ ಹೊಟ್ಟನ್ನೂ ಬೇರ್ಪಡಿಸುವ ಮೊರವು ಯಾವದು? ನನ್ನ ವಿಚಾರದಲ್ಲಿ ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು, ಯಾರ ಕೈ? ಶಾಲೆಯ ಅಂಗಳವನ್ನು ಗುಡಿಸುವದು ಒಳ್ಳೇ ಅಭ್ಯಾಸವೇ. ಆದರೆ ಗೌಡರ ಮಗನೂ ಕೂಲಿಯವನ ಮಗನೂ, ಹುಡುಗನೂ ಹುಡುಗಿಯೂ, ಮಾಸ್ತರರೂ ಸಹಿತ ಸರದಿಯಂತೆ ಕಸಬರಿಗೆಯನ್ನು ಹಿಡಿದರೆ ಮಾತ್ರ ಅದು ಪಾಠ. ದಿನದಿನವೂ ಒಂದೇ ಕೇರಿಯ ಮಕ್ಕಳ ಕೈಗೆ ಬಂದರೆ ಅದು ಹಳೇ ಬಿಟ್ಟಿಯೇ. ಅದಕ್ಕೆ ಎಷ್ಟು ಚೆಂದದ ಹೆಸರು ಕೊಟ್ಟರೂ ಅದು ಬದಲಾಗುವದಿಲ್ಲ.

ಎರಡನೆಯದು, ಯಾರಿಗೆ ಲಾಭ? ಮಗುವು ನೆಟ್ಟ ಬದನೆಯ ಫಲವು ಮಕ್ಕಳ ಮಧ್ಯಾಹ್ನದ ಊಟಕ್ಕೆ ಬಂದರೆ ನ್ಯಾಯ. ಯಾರೋ ಒಬ್ಬರ ಮನೆಯ ಪಲ್ಯಕ್ಕೆ ಹೋದರೆ ಕಳವು. ನಮ್ಮ ರಾಜ್ಯದ ಅನೇಕ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯನ್ನು ನೋಡಿರಿ. ಮಕ್ಕಳೇ ಕಾಯಿಪಲ್ಯ ತಂದು, ತಕ್ಕಡಿ ಹಿಡಿದು, ಬೆಲೆ ಹೇಳಿ, ಚಿಲ್ಲರೆ ಎಣಿಸಿ ಕೊಡುತ್ತಾರೆ. ಅಲ್ಲಿ ಲೆಕ್ಕ ತಪ್ಪಿದರೂ ಸರಿಯಾದರೂ ಅದರ ಬುದ್ಧಿಯು ಮಗುವಿನ ಬಳಿಯಲ್ಲಿಯೇ ಉಳಿಯುತ್ತದೆ.

ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ಪ್ರಶ್ನೆಯು, “ಯಾಕೆ” ಎಂದು ಕೇಳುವದಕ್ಕೆ ಮಗುವಿಗೆ ಸ್ವಾತಂತ್ರ್ಯವುಂಟೋ? ಕೂಲಿಯ ಹೊಲದಲ್ಲಿ ಆಳಿಗೆ “ಹೇಗೆ” ಎಂಬದನ್ನು ತೋರಿಸುತ್ತಾರೆ. “ಯಾಕೆ” ಎಂದು ಕೇಳಿದರೆ ಸುಮ್ಮನಿರು ಅನ್ನುತ್ತಾರೆ. ಶಾಲೆಗೂ ಕೂಲಿಗೂ ಇರುವ ಅಂತರವು ಈ ಒಂದು ಮಾತಿನಲ್ಲಿಯೇ ಉಂಟು. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು, ಅಂದರೆ ಚಮ್ಮಾರರು, ಅಂಬಿಗರು, ಮಡಿವಾಳರು ಮೊದಲಾದ ನಾನಾ ಕಸಬಿನವರು, ಕೂಡಿ ಮಾತಾಡಿದ ಸ್ಥಳಕ್ಕೆ ಅನುಭವ ಮಂಟಪವೆಂಬ ಹೆಸರು ಇಂದಿಗೂ ನಿಂತಿದೆ. ಅವರು ದಿನವೆಲ್ಲಾ ದುಡಿದವರು. ಆದರೆ ಬರೀ ದುಡಿಮೆಗೆ ಅನುಭವವೆಂಬ ಹೆಸರು ಬರಲಿಲ್ಲ. ಮಾಡಿದ್ದನ್ನು ಕುರಿತು ಸರಿಸಮಾನರಾಗಿ ಕೂತು ವಿಚಾರ ಮಾಡಿದಾಗ ಆ ಹೆಸರು ಬಂತು. ಎತ್ತು ಸಹ ಹೊಲವನ್ನು ನೂರು ಸಾರಿ ಉಳುತ್ತದೆ. ಆದರೆ ಎತ್ತು ಒಕ್ಕಲುತನವನ್ನು ಕಲಿಯಲಿಲ್ಲ. ಕೈ ಮಾಡಿದ್ದನ್ನು ಮನಸ್ಸು ತಿರುಗಿ ನೋಡುವದೇ ಅನುಭವವು.

ಈ ಮೂರನ್ನು ಕಾಪಾಡಿದ ಉಪಾಧ್ಯಾಯರು ನಮ್ಮ ನಾಡಿನಲ್ಲಿ ಇಲ್ಲದೆ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಕೆಲವರು ಉಪಾಧ್ಯಾಯರು, ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದು, ಕಾರ್ಡುಗಳಿಂದಲೂ ಆಟಗಳಿಂದಲೂ ಪ್ರತಿಯೊಂದು ಮಗುವು ತನ್ನ ನಡಿಗೆಯಲ್ಲಿ ಕಲಿಯುವ ನಲಿ-ಕಲಿ ಎಂಬ ರೀತಿಯನ್ನು ಪ್ರಾರಂಭಿಸಿದರು. 2009–10ರಿಂದ ಅದು ರಾಜ್ಯದ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲಾ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಗಿ, ಕುಂಬಾರ, ತೋಟಗಾರ ಮುಂತಾದವರ ಬಳಿಯಲ್ಲಿ ಕಲಿಯಬೇಕೆಂದು ಸೂಚಿಸಿತು. ಇವು ಒಳ್ಳೇ ಸೂಚನೆಗಳೇ. ಆದರೆ ಮೇಲಿನ ಮೂರು ಪ್ರಶ್ನೆಗಳನ್ನು ಕೇಳುವವರಿಲ್ಲದಿದ್ದರೆ ಎಂಥ ಒಳ್ಳೇ ನೀತಿಯೂ ಕೆಡಬಹುದು.

ಇನ್ನು ಮನೆಯ ವಿಷಯ. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಆ ವರುಷದ ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಏರ್ಪಾಡಿನಿಂದ ಮಾಸ್ತರರು ಮರದಡಿಗೂ ಕಟ್ಟೆಗಳ ಮೇಲಕ್ಕೂ ಬಂದು ಕಲಿಸಿದರು. ಅಕ್ಟೋಬರದಲ್ಲಿ ಅದೂ ನಿಂತಿತು. ಆಗ ಎಷ್ಟೋ ತಾಯಿತಂದೆಗಳು, “ನಮಗೆ ಓದು ಬಾರದು, ನಾವೇನು ಕಲಿಸಲಾದೀತು?” ಎಂದು ಕೈಚೆಲ್ಲಿದರು. ಪ್ರಿಯರೇ, ಇದು ದೊಡ್ಡ ತಪ್ಪು ಎಣಿಕೆ. ಜೋಳದ ಹಿಟ್ಟನ್ನು ಕುದಿನೀರಿನಿಂದ ನಾದುವ ತಾಯಿಯು, “ಗೋದಿಹಿಟ್ಟಿಗೆ ತಣ್ಣೀರು ಸಾಕು, ಜೋಳಕ್ಕೆ ಬಿಸಿನೀರು ಯಾಕೆ ಬೇಕು, ಮಾಸ್ತರರನ್ನು ಕೇಳಿ ಬಾ” ಎಂದು ಮಗನಿಗೆ ಹೇಳಲಿ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರು ಹಿಟ್ಟಿನ ಪಿಷ್ಟವನ್ನು ಬೇಯಿಸಿ ಅಂಟು ಬರಿಸುತ್ತದೆ ಎಂದು ಅವನು ತಿಳಿದು ಬರುವನು. ತಾಯಿಗೆ “ಹೇಗೆ” ಗೊತ್ತು, ಶಾಲೆಗೆ “ಯಾಕೆ” ಗೊತ್ತು. ಮಗುವು ಎರಡನ್ನೂ ಕೂಡಿಸುವ ಸೇತುವೆ. ಅದೇ ಮಗನು ರೊಟ್ಟಿ ಬಡಿಯುವದನ್ನೂ ಕಲಿತರೆ ಅವನ ಗಂಡಸುತನಕ್ಕೆ ಕುಂದೇನೂ ಬಾರದು.

ಆದರೆ ಮನೆಯಲ್ಲಿಯೂ ಆ ಮೂರು ಪ್ರಶ್ನೆಗಳು ಸಲ್ಲುತ್ತವೆ. 2016ರಲ್ಲಿ ತಿದ್ದಿದ ಕಾಯಿದೆಯು 14 ವರುಷದ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವದನ್ನು ನಿಷೇಧಿಸಿ, ಅಪಾಯವಿಲ್ಲದ ಮನೆಯ ಕೆಲಸದಲ್ಲಿ ಶಾಲೆಯ ಹೊತ್ತಿನ ಹೊರಗೆ ಮಾತ್ರ ನೆರವಾಗುವದನ್ನು ಒಪ್ಪಿದೆ. ತೊಗರಿಯ ರಾಶಿಗಾಗಿ ಮಗಳನ್ನು ತಿಂಗಳುಗಟ್ಟಲೆ ಶಾಲೆ ಬಿಡಿಸಿ, ಅಥವಾ ದುಡಿಯಲು ಪರಊರಿಗೆ ಹೋಗುವಾಗ ಜೊತೆಗೆ ಕರೆದುಕೊಂಡುಹೋಗಿ, “ಇದೂ ಅನುಭವವೇ” ಎಂದು ಸಮಾಧಾನ ಹೇಳಿಕೊಳ್ಳುವದು ಸಲ್ಲದು. ಬಡತನದ ಒತ್ತಾಯವು ಎಂಥದೆಂದು ಬಲ್ಲೆವು. ಆದರೆ ಒತ್ತಾಯವನ್ನು ಒತ್ತಾಯವೆಂದೇ ಕರೆಯೋಣ, ಅದಕ್ಕೆ ವಿದ್ಯೆಯ ಹೆಸರಿಡದಿರೋಣ.

ಇದರಲ್ಲಿ ಇನ್ನೊಂದು ಗುಪ್ತವಾದ ನಷ್ಟವುಂಟು. ಪುಸ್ತಕವೊಂದೇ ವಿದ್ಯೆಯೆಂದು ಕಲಿತ ಮಗುವು, ಪುಸ್ತಕ ಓದಲಾರದ ತಂದೆಯನ್ನು ಮೆಲ್ಲಗೆ ಹೀನವಾಗಿ ಎಣಿಸಲಾರಂಭಿಸುತ್ತದೆ. ನಾಲ್ಕನೇ ತರಗತಿಗೆ ಬಂದ ಮಗನು ಊರಿನ ಸಂತೆಯಲ್ಲಿ ತಂದೆಯನ್ನು ಕಂಡು ಮುಖ ತಿರುಗಿಸಿಕೊಂಡರೆ, ಆ ಶಾಲೆಯು ಅವನಿಗೆ ಅಕ್ಷರವನ್ನು ಕೊಟ್ಟು ತಂದೆಯನ್ನು ಕಸಿದುಕೊಂಡಿತು. ನಮ್ಮ ಜನರು ಈ ಬೆಲೆಯನ್ನು ಬಹಳ ದಿವಸ ಸುಮ್ಮನೆ ತೆತ್ತಿದ್ದಾರೆ.

ಆದದರಿಂದ ತಿರುಗಿ ಔರಾದಿನ ಆ ಶಾಲೆಯ ಅಂಗಳಕ್ಕೆ ಹೋಗೋಣ. ಮಾಸ್ತರರು ಬುದ್ಧಿವಂತರಾಗಿದ್ದರೆ ಸಿಟ್ಟಾದ ತಂದೆಯೊಂದಿಗೆ ವಾದಕ್ಕೆ ನಿಲ್ಲುವದಿಲ್ಲ. “ಅಣ್ಣಾ, ನೀವು ಬಂದದ್ದೇ ಒಳ್ಳೇದಾಯಿತು. ಬಿತ್ತನೆಗೆ ಹೊಲವು ಹದಕ್ಕೆ ಬಂದದ್ದನ್ನು ನೀವು ಹೇಗೆ ತಿಳಿಯುತ್ತೀರಿ? ಈ ಮಕ್ಕಳಿಗೆ ತೋರಿಸಿರಿ” ಎಂದು ಕೇಳುತ್ತಾರೆ. ತಂದೆಯು ಸಂಕೋಚದಿಂದ ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕುತ್ತಾನೆ. ಉಂಡೆ ಕಟ್ಟಿ ಕೈಗೆ ಮೆತ್ತಿದರೆ ಹಸಿ ಹೆಚ್ಚು, ಉಂಡೆಯೇ ಕಟ್ಟದಿದ್ದರೆ ಒಣಗಿತು, ಉಂಡೆ ಕಟ್ಟಿ ಬೆರಳು ತಾಗಿಸಿದರೆ ಉದುರಿದರೆ ಅದೇ ಹದ ಎಂದು ತೋರಿಸುತ್ತಾನೆ. ಗೌಡರ ಮಗನೂ ಸಹಿತ ಎಲ್ಲಾ ಮಕ್ಕಳು ಒಂದೊಂದು ಹಿಡಿ ಮಣ್ಣು ತೆಗೆದು ಹಾಗೆಯೇ ಮಾಡುತ್ತಾರೆ. ಅವನ ಮಗಳು, “ಅಪ್ಪಾ, ಬೆರಳು ತಾಗಿದರೆ ಯಾಕೆ ಉದುರುತ್ತದೆ?” ಎಂದು ಕೇಳುತ್ತಾಳೆ. ತಂದೆಯು ಮಾಸ್ತರರ ಮುಖವನ್ನು ನೋಡುತ್ತಾನೆ; ಮಾಸ್ತರರು ಮಣ್ಣಿನ ಕಣಗಳ ನಡುವೆ ನೀರೂ ಗಾಳಿಯೂ ಇರುವ ಬಗೆಯನ್ನು ವಿವರಿಸುತ್ತಾರೆ. ಮಗಳು ಅಪ್ಪನು ತೋರಿಸಿದ್ದನ್ನೂ ಮಾಸ್ತರರು ಹೇಳಿದ್ದನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ.

ಮಗಳು ಮಣ್ಣು ಮುಟ್ಟಿದಳೆಂದು ತಂದೆಯು ಇನ್ನು ಹೆದರಬೇಕಾಗಿಲ್ಲ. ಅವಳು ಆ ಮಣ್ಣಿಗೆ ಆಳಾಗಿ ಮುಟ್ಟಲಿಲ್ಲ, ಅದನ್ನು ಪ್ರಶ್ನೆ ಕೇಳುವವಳಾಗಿ ಮುಟ್ಟಿದಳು. ಪ್ರಿಯ ವಾಚಕರೇ, ನಿಮ್ಮ ಊರಿನ ಶಾಲೆಯ ಸಭೆಗೆ ಕರೆದಾಗ ತಪ್ಪಿಸಿಕೊಳ್ಳಬೇಡಿರಿ. ಹೋಗಿ, ಮಕ್ಕಳು ಕೈಯಿಂದ ಏನೇನು ಮಾಡುತ್ತಾರೆಂದು ವಿಚಾರಿಸಿರಿ. ಯಾರ ಕೈ, ಯಾರ ಲಾಭ, “ಯಾಕೆ” ಎಂಬದಕ್ಕೆ ಸ್ಥಳವುಂಟೋ ಎಂದು ಮರ್ಯಾದೆಯಿಂದಲೂ ಧೈರ್ಯದಿಂದಲೂ ಕೇಳಿರಿ. ಕೇಳಿದ ಮೇಲೆ, ನಿಮ್ಮ ಕೈಗೆ ಗೊತ್ತಿರುವದನ್ನು ಆ ಮಕ್ಕಳಿಗೆ ತೋರಿಸಿಯೇ ಮನೆಗೆ ಬನ್ನಿರಿ.